ಔಷಧದ ಬೆಲೆಗೆ ಡಾಕ್ಟರ ಸಂಪಾದನೆಯ ಗಂಟೇಕೆ?



ಡಾಕ್ಟರೆಂದರೆ ದೇವರು ಎಂದು ಕೈಮುಗಿದು ಬೆಳೆದವರು ನಾವು. ಈ ಬೇ ಏರಿಯಾದಲ್ಲಿ ತಂದೆತಾಯಿಗೆ ಕ್ಯಾನ್ಸರ್ ಎಂದಾಗಲೂ "ತಾವು ಹೇಳಿದಂತೆ" ಎಂದು ಸಹಿ ಹಾಕುತ್ತೇವೆ. ಆ ಸಹಿಯ ಹಿಂದಿನ ಲೆಕ್ಕ ತಿಳಿಯಬೇಡವೆ?

ಕ್ಲಿನಿಕ್ಕಿನಲ್ಲಿ ಡ್ರಿಪ್ ಹಾಕುವ ಕೀಮೋ ಔಷಧವನ್ನು ಕ್ಲಿನಿಕ್ಕೇ ಕೊಂಡು ತರುತ್ತದೆ. ಸರಾಸರಿ ಮಾರಾಟ ಬೆಲೆಯ ಮೇಲೆ ಶೇ. 6 ಸೇರಿಸಿ ಕೊಡಬೇಕೆಂಬುದು ಮೆಡಿಕೇರ್ ಕಾನೂನು (2013ರ ಕಡಿತದಿಂದ ಕೈಸೇರುವುದು ತುಸು ಕಡಿಮೆ). ಸಾವಿರ ಡಾಲರಿನ ಔಷಧಕ್ಕೆ 60. ಹತ್ತು ಸಾವಿರದ್ದಕ್ಕೆ 600! ರೋಗಿಯೊಡನೆ ಅರ್ಧ ಗಂಟೆ ಕೂತು ಮಾತಾಡಿದರೆ ಇಷ್ಟು ಹುಟ್ಟದು.

ಇದಕ್ಕೂ ಉದಾರವಾಗಿದ್ದ ಹಳೆಯ ದರವನ್ನು 2003ರ ಕಾನೂನು 2005ರಿಂದ ಇಳಿಸಿತು. ಫಲ? 2010ರಲ್ಲಿ ಪ್ರಕಟವಾದ ಜೋಸೆಫ್ ನ್ಯೂಹೌಸ್ ಮೊದಲಾದವರ ಅಧ್ಯಯನ ನೋಡಿ: ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋ ಪಡೆದವರ ಪ್ರಮಾಣ ಏರಿತು, ಲಾಭ ಕುಸಿದ ಕಾರ್ಬೋಪ್ಲಾಟಿನ್ ಬಿಟ್ಟು ಲಾಭವುಳಿದ ಡೋಸಿಟ್ಯಾಕ್ಸೆಲ್ ಕಡೆಗೆ ಒಲವು ತಿರುಗಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಡಾಕ್ಟರೆಲ್ಲ ದುರಾಸೆಯವರೆಂದು ನಾವು ಹೇಳುತ್ತಿಲ್ಲ. ನಮ್ಮ ಮಕ್ಕಳೂ ಡಾಕ್ಟರಾಗಿದ್ದಾರೆ. ದೋಷ ಪದ್ಧತಿಯದು. ನಮ್ಮ ಓಕ್‌ಲ್ಯಾಂಡಿನ ಕೈಸರ್ ಡಾಕ್ಟರುಗಳಿಗೆ ಸಂಬಳ. ದುಬಾರಿ ಔಷಧದ ಆಮಿಷವಿಲ್ಲ. ಆದರೆ ಕಂತನ್ನು ಮೊದಲೇ ಕಟ್ಟಿಸಿಕೊಳ್ಳುವ ಯಾವುದೇ ಪದ್ಧತಿಯಲ್ಲಿ ಕಡಿಮೆ ಕೊಡುವ ಅಪಾಯವುಂಟು. ಪ್ರಶ್ನೆ ಎರಡೂ ಕಡೆ ಬೇಕು.

ನಮ್ಮ ವಾದ ಇಷ್ಟೆ: ಡಾಕ್ಟರ ಸಮಯಕ್ಕೆ, ವಿವೇಚನೆಗೆ ಧಾರಾಳವಾಗಿ ಕೊಡಲಿ, ಔಷಧದ ಬೆಲೆಗೆ ಗಂಟು ಹಾಕದಿರಲಿ. ಅಲ್ಲಿಯವರೆಗೆ ಕೇಳಿರಿ: "ಇಷ್ಟೇ ಗುಣದ ಅಗ್ಗದ ಔಷಧ ಇದೆಯೆ? ಕೊಡದಿದ್ದರೆ ಏನಾಗುತ್ತದೆ?" ಎರಡನೆಯ ಅಭಿಪ್ರಾಯಕ್ಕೆ ಸ್ಟ್ಯಾನ್‌ಫರ್ಡ್, ಯು.ಸಿ.ಎಸ್.ಎಫ್. ಹತ್ತಿರವೇ ಇವೆ. ಕೇಳುವುದು ಅಗೌರವವಲ್ಲ, ಹೆತ್ತವರ ಪರವಾಗಿ ನಾವು ಮಾಡಲೇಬೇಕಾದ ಕೆಲಸ.