ರೊಟ್ಟಿ ತಿಂದ್ರೆ ತೂಕ ಇಳಿಯಲ್ಲ ಸ್ವಾಮಿ!

"ಲೋ ಕಾರ್ಬ್ ಡಯಟ್ಟಾ? ಜೋಳದ ರೊಟ್ಟಿ ಎಷ್ಟು ಬೇಕಾದ್ರೂ ತಿನ್ನಿ" ಅಂತ ಬರೆಯೋ ಬ್ಲಾಗ್ ಗೆಳೆಯರೇ, ದಯವಿಟ್ಟು ನಿಲ್ಲಿಸಿ. ನಮ್ಮೂರು ಕೃಷ್ಣೆ ದಂಡೆಯ ತಿಂಥಣಿ, ರೊಟ್ಟಿ ಬಡಿಯೋ ಸದ್ದಿಗೇ ಎದ್ದು ಬೆಳೆದವನು ನಾನು. 100 ಗ್ರಾಂ ಜೋಳದಲ್ಲಿ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಯಲ್ಲಿ 78. ಜೋಳದಲ್ಲಿ ನಾರು ಜಾಸ್ತಿ, ಒಪ್ಪಿದೆ. ಅಷ್ಟಕ್ಕೇ ಅದು ಲೋ ಕಾರ್ಬ್ ಆಗುತ್ತಾ? ಅಜ್ಜ ನಾಲ್ಕು ರೊಟ್ಟಿ ತಿಂದು ದಿನವಿಡೀ ಕುಂಟೆ ಹೊಡೀತಿದ್ದ. ನಾನು ಅದೇ ನಾಲ್ಕು ತಿಂದು ಬೆಂಗಳೂರಲ್ಲಿ ಕೂತು ಕೋಡ್ ಹೊಡೀತೀನಿ :)

ನನ್ನ ನಿಯಮ ಇಷ್ಟೇ. ಹೊತ್ತಿಗೆ ಒಂದೇ ರೊಟ್ಟಿ, ಅನ್ನ ಇಲ್ಲ, ಚಹಾಕ್ಕೆ ಸಕ್ಕರೆ ಇಲ್ಲ. ಹೊಟ್ಟೆ ತುಂಬೋಕೆ ಪುಂಡಿಪಲ್ಯ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಮೊಸರು, ಮೊಟ್ಟೆ. ಶೇಂಗಾ ಹಿಂಡಿ ಒಂದೇ ಚಮಚ (ಇದೇ ಕಷ್ಟ!). ಹೊಸದೇನಲ್ಲ, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ ಬಿಟ್ಟು ತೆಳ್ಳಗಾದದ್ದನ್ನ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ 1863ರಲ್ಲೇ ಬರೆದಿದ್ದ.

ಅಪ್ಪನಿಗೆ ಸಕ್ಕರೆ ಕಾಯಿಲೆ, ಮಾತ್ರೆ ನುಂಗ್ತಾರೆ. ಅಂಥವರು ಡಾಕ್ಟರನ್ನ ಕೇಳದೆ ಊಟ ಏಕಾಏಕಿ ಬದಲಿಸಬಾರದು, ಸಕ್ಕರೆ ತೀರಾ ಇಳಿದು ಬೀಳಬಹುದು. ಆದ್ರೆ ಕಳೆದ ಸಲ ಊರಿಗೆ ಹೋದಾಗ ಅವರು ಐದನೇ ರೊಟ್ಟಿಗೆ ಕೈ ಹಾಕಿದ್ರು. ಬೇಡ ಅಂದೆ. "ಜ್ವಾಳ ಎಷ್ಟ್ ತಿಂದ್ರೂ ಸಕ್ರಿ ಏರಂಗಿಲ್ಲಂತ ಬರ್ದಾರಲ್ಲೋ!" ಅಂದ್ರು.

ಯಾರು ಬರೆದದ್ದು? ನೀವೇ ತಾನೇ?