ಉಸಿರಿನ ಕಾವಲು

ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಮನೆಯ ಹಿರಿಯರೊಬ್ಬರಿಗೆ ನಡುರಾತ್ರಿಯಲ್ಲಿ ಮೇಲುಸಿರು ಹತ್ತಿತೆಂದರೆ, ಬಂಧುಗಳ ಎದುರಿಗೆ ಬಂದು ನಿಲ್ಲುವ ಪ್ರಶ್ನೆ ಒಂದೇ: ಊರಿನ ಆಸ್ಪತ್ರೆಯಲ್ಲಿಯೇ ಉಳಿಸುವುದೋ, ಬೀದರಿಗೋ ಕಲಬುರಗಿಗೋ ಕರೆದೊಯ್ಯುವುದೋ? ಬಸವಕಲ್ಯಾಣದಿಂದ ಆ ಎರಡು ನಗರಗಳೂ ಸುಮಾರು ೮೦ ಕಿಲೋಮೀಟರು ದೂರ. ಹುಮನಾಬಾದಿನವರಿಗೆ ಹಾದಿ ಕೊಂಚ ಕಡಿಮೆ. ಆ ಹಾದಿ ಸವೆಯುವಷ್ಟು ಹೊತ್ತು ರೋಗಿಯ ಶ್ವಾಸಕೋಶವು ತಾಳಬಲ್ಲುದೇ ಎಂಬುದನ್ನು ಹಾಸಿಗೆಯ ಬಳಿಯಲ್ಲಿಯೇ ಕುಳಿತು ಅಳೆಯುವ ವಿದ್ಯೆಯೊಂದುಂಟು. ಅದರ ಪರಿಚಯ ವೈದ್ಯರಿಗೆ ಮಾತ್ರವಲ್ಲದೆ ಗೃಹಸ್ಥರಿಗೂ ಇರುವುದು ಒಳ್ಳೆಯದು.

ಮನುಷ್ಯನ ಎರಡು ಪುಪ್ಪುಸಗಳಲ್ಲಿ ಮೂವತ್ತು ಕೋಟಿಗೂ ಮೀರಿದ ಗಾಳಿಯ ಚೀಲಗಳಿವೆ. ಆಮ್ಲಜನಕವನ್ನು ರಕ್ತಕ್ಕೆ ಸೇರಿಸುವುದು, ಇಂಗಾಲದ ಡೈ ಆಕ್ಸೈಡನ್ನು ಹೊರಕ್ಕೆ ದೂಡುವುದು, ಇವೆರಡೇ ಅವುಗಳ ಕೆಲಸ. ನ್ಯುಮೋನಿಯಾ ಬಂದಾಗ ಈ ಚೀಲಗಳು ನೀರು ಕೀವುಗಳಿಂದ ತುಂಬಿ ಮೊದಲನೆಯ ಕೆಲಸ ಕೆಡುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಹೊಟ್ಟೆಗೆ ಹೋದಾಗ, ಇಲ್ಲವೆ ನಾಗರಹಾವು ಕಚ್ಚಿದಾಗ, ಉಸಿರಾಟದ ಸ್ನಾಯುಗಳೇ ಸೋತು ಎರಡನೆಯ ಕೆಲಸ ನಿಲ್ಲತೊಡಗುತ್ತದೆ. ಗಂಟೆಗಳೊಳಗೆ ಅಥವಾ ಕೆಲವೇ ದಿನಗಳೊಳಗೆ ಹೀಗಾಗುವುದನ್ನು ವೈದ್ಯರು ತೀವ್ರ ಶ್ವಾಸವೈಫಲ್ಯವೆನ್ನುತ್ತಾರೆ. ಇಂಥ ರೋಗಿಯನ್ನು ದೊಡ್ಡ ಯಂತ್ರಗಳಿರುವ ಕೋಣೆಗೆ ಸಾಗಿಸುವುದೇ ಅಪಾಯವಾದುದರಿಂದ, ಪರೀಕ್ಷೆಯೇ ರೋಗಿಯ ಮಗ್ಗುಲಿಗೆ ಬರಬೇಕಾಗುತ್ತದೆ.

ಈ ವಿದ್ಯೆಯ ಆರಂಭ ಬಹಳ ಸರಳವಾದುದು. ತೆಂಗಿನಕಾಯನ್ನೋ ಕಲ್ಲಂಗಡಿಯನ್ನೋ ಕೊಳ್ಳುವವರು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವುದಿಲ್ಲವೆ? ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗ್ಗರನೂ ಅದನ್ನೇ ಮಾಡಿದನು. ಎದೆಯನ್ನು ತಟ್ಟಿ ಒಳಗೆ ನೀರಿದೆಯೋ ಗಾಳಿಯಿದೆಯೋ ಎಂದು ಹೇಳುವ ಕ್ರಮವನ್ನು ಅವನು ೧೭೬೧ರಲ್ಲಿ ಪ್ರಕಟಿಸಿದನು. ೧೮೧೬ರಲ್ಲಿ ಫ್ರಾನ್ಸಿನ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಹಚ್ಚಿ ಕಿವಿಗೊಟ್ಟನು, ಸ್ಟೆತಾಸ್ಕೋಪು ಹುಟ್ಟಿತು.

ಆದರೆ ಅಳತೆ ತಪ್ಪಿದರೆ ಚಿಕಿತ್ಸೆಯೂ ತಪ್ಪುವುದೆಂಬುದನ್ನು ಜಗತ್ತಿಗೆ ಕಲಿಸಿದ್ದು ೧೯೫೨ರ ಕೋಪನ್‌ಹೇಗನ್ ನಗರದ ಪೋಲಿಯೋ ಪಿಡುಗು. ಅಲ್ಲಿಯ ಬ್ಲೆಗ್ಡಾಂ ಆಸ್ಪತ್ರೆಯಲ್ಲಿ ಉಸಿರಾಟ ಸೋತ ರೋಗಿಗಳಲ್ಲಿ ಬಹುಪಾಲು ಜನ ಸಾಯುತ್ತಿದ್ದರು. ಅವರ ರಕ್ತದಲ್ಲಿ ಕಂಡ ಏರುಪೇರಿಗೆ ವೈದ್ಯರು ಬೇರೊಂದು ಅರ್ಥವನ್ನು ಹಚ್ಚಿದ್ದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್, ಅದು ಹೊರಹೋಗಲಾರದೆ ಉಳಿದ ಇಂಗಾಲದ ಡೈ ಆಕ್ಸೈಡಿನ ಫಲವೆಂದು ಗುರುತಿಸಿದನು. ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕೊರಳಿನಲ್ಲಿ ರಂಧ್ರಮಾಡಿ ನಳಿಗೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರಾಡಿಸಿದನು, ಹುಡುಗಿ ಬದುಕಿದಳು. ಮುಂದೆ ಸುಮಾರು ೧,೫೦೦ ವಿದ್ಯಾರ್ಥಿಗಳು ಸರದಿಯ ಮೇಲೆ ಹಗಲಿರುಳು ಚೀಲವನ್ನೊತ್ತುತ್ತ ರೋಗಿಗಳ ಪ್ರಾಣವನ್ನು ಹಿಡಿದಿಟ್ಟರು. ಇಂದಿನ ತೀವ್ರ ನಿಗಾ ಘಟಕಗಳು ಹುಟ್ಟಿದ್ದು ಆ ಕೈಗಳಿಂದಲೇ ಎನ್ನಬಹುದು.

ಎರಡನೆಯ ದೊಡ್ಡ ಹೆಜ್ಜೆಯನ್ನಿಟ್ಟವನು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ಎರಡು ಬಗೆಯ ಬೆಳಕನ್ನು ದೇಹದ ಮೂಲಕ ಹಾಯಿಸಿ, ನಾಡಿ ಮಿಡಿದಂತೆಲ್ಲ ಆಗುವ ವ್ಯತ್ಯಾಸದಿಂದ ರಕ್ತದ ಆಮ್ಲಜನಕವನ್ನು ಲೆಕ್ಕಹಾಕುವ ತತ್ತ್ವವನ್ನು ಅವನು ೧೯೭೪ರಲ್ಲಿ ಮುಂದಿಟ್ಟನು. ಅದೇ ಪಲ್ಸ್ ಆಕ್ಸಿಮೀಟರು. ೨೦೨೦ರ ಏಪ್ರಿಲಿನಲ್ಲಿ, ಜಗತ್ತೆಲ್ಲ ಆ ಉಪಕರಣಕ್ಕಾಗಿ ಪರದಾಡುತ್ತಿದ್ದಾಗಲೇ, ಅವನು ತೀರಿಕೊಂಡನು.

ಆ ಪರದಾಟದ ನೆನಪು ಕಲ್ಯಾಣ ಕರ್ನಾಟಕಕ್ಕೆ ಮಾಸುವಂಥದಲ್ಲ. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲ ಮರಣ ೨೦೨೦ರ ಮಾರ್ಚಿನಲ್ಲಿ ಕಲಬುರಗಿಯ ವೃದ್ಧರೊಬ್ಬರದು. ಬಸವಕಲ್ಯಾಣದ ಶಾಸಕರಾಗಿದ್ದ ಬಿ. ನಾರಾಯಣರಾವ್ ಅವರು ಅದೇ ವರ್ಷದ ಸೆಪ್ಟೆಂಬರ್ ೨೪ರಂದು ಆ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವಾಗ ಬೆಂಗಳೂರಿನಲ್ಲಿ ನಿಧನರಾದರು. ತೆರವಾದ ಸ್ಥಾನಕ್ಕೆ ೨೦೨೧ರ ಏಪ್ರಿಲ್ ೧೭ರಂದು ಮತದಾನ ನಡೆಯುವಾಗ ಎರಡನೆಯ ಅಲೆ ಏರುತ್ತಿತ್ತು. ಅಲ್ಲಿಯವರೆಗೆ ಆಸ್ಪತ್ರೆಯಲ್ಲಿ ಮಾತ್ರ ಕಾಣುತ್ತಿದ್ದ ಬೆರಳಿನ ಚಿಮಟ ಆ ದಿನಗಳಲ್ಲಿ ಮನೆಮನೆಯ ವಸ್ತುವಾಯಿತು. ೯೫, ೯೦ ಎಂಬ ಅಂಕೆಗಳು ಅಡಿಗೆಮನೆಯ ಮಾತಾದವು.

ಹೀಗೆ ಬಂದ ಪರಿಚಯದ ಜೊತೆಗೆ ಒಂದು ಭ್ರಮೆಯೂ ಬಂದಿತು. ಅಂಕೆ ಚೆನ್ನಾಗಿದ್ದರೆ ರೋಗಿಯೂ ಚೆನ್ನಾಗಿದ್ದಾನೆಂದು ಜನ ನಂಬತೊಡಗಿದರು. ಆರೋಗ್ಯವಂತರಲ್ಲಿ ಆಕ್ಸಿಮೀಟರು ಸಾಮಾನ್ಯವಾಗಿ ೯೫ಕ್ಕೆ ಮೇಲ್ಪಟ್ಟು ತೋರಿಸುವುದೆಂಬುದೂ, ೯೦ಕ್ಕಿಂತ ಕೆಳಗಿಳಿದರೆ ತಡಮಾಡಕೂಡದೆಂಬುದೂ ನಿಜವೇ. ಆದರೆ ಈ ಉಪಕರಣ ಆಮ್ಲಜನಕವನ್ನು ಮಾತ್ರ ಬಲ್ಲದು. ಇಂಗಾಲದ ಡೈ ಆಕ್ಸೈಡಿನ ಸುದ್ದಿ ಅದಕ್ಕೆ ತಿಳಿಯದು. ಆಮ್ಲಜನಕ ಹಚ್ಚಿದ ರೋಗಿಯಲ್ಲಿ ಅಂಕೆ ೯೮ ಇರುವಾಗಲೇ ಒಳಗಿನ ವಿಷವಾಯು ಏರಿ ಅವನು ಮಂಪರಿಗೆ ಜಾರಬಹುದು. ಮನೆಯವರು ನಿದ್ದೆ ಹತ್ತಿತೆಂದು ಸಮಾಧಾನಪಡುವ ಗಳಿಗೆಯೇ ಅಪಾಯದ ಗಳಿಗೆಯಾಗಬಹುದು. ತಣ್ಣಗಾದ ಬೆರಳು, ಉಗುರಿನ ಬಣ್ಣ ಇವುಗಳಿಂದಲೂ ಅಂಕೆ ತಪ್ಪುವುದುಂಟು. ಕಪ್ಪು ಚರ್ಮದವರಲ್ಲಿ ಅದು ನಿಜಕ್ಕಿಂತ ಹೆಚ್ಚು ತೋರಿಸುವ ಸಂಭವವಿದೆಯೆಂದು ೨೦೨೦ರಲ್ಲಿ ಅಮೆರಿಕದ ವೈದ್ಯರು ತೋರಿಸಿಕೊಟ್ಟರು. ನಮ್ಮ ನಾಡಿನವರು ಈ ಮಾತನ್ನು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು.

ಹಾಗಾದರೆ ನಂಬತಕ್ಕದ್ದು ಯಾವುದನ್ನು? ಖರ್ಚಿಲ್ಲದ ಅಳತೆಗಳು ಕೆಲವಿವೆ. ಗಡಿಯಾರವನ್ನು ಹಿಡಿದು ಪೂರ್ತಿ ಒಂದು ನಿಮಿಷ ಎದೆಯ ಏರಿಳಿತವನ್ನು ಎಣಿಸುವುದು ಮೊದಲನೆಯದು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ೧೨ರಿಂದ ೨೦. ಮೂವತ್ತನ್ನು ಮುಟ್ಟಿದರೆ ಗಂಡಾಂತರ. ಕೆಮ್ಮು ನೆಗಡಿಯಾದ ಮಕ್ಕಳಲ್ಲಿ ಎರಡು ತಿಂಗಳಿಂದ ಒಂದು ವರ್ಷದೊಳಗೆ ೫೦, ಒಂದರಿಂದ ಐದು ವರ್ಷದೊಳಗೆ ೪೦ ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾವೆಂದು ಶಂಕಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ. ವಾಕ್ಯವನ್ನು ಮುಗಿಸಲಾರದೆ ಮಾತು ತುಂಡಾಗುವುದು, ಕೊರಳಿನ ನರಗಳು ಬಿಗಿದು ಪಕ್ಕೆಲುಬಿನ ಸಂದುಗಳು ಒಳಸೇರುವುದು, ತುಟಿ ನೀಲಿಗಟ್ಟುವುದು ಇವು ಕಣ್ಣಿಗೇ ಕಾಣುವ ಲಕ್ಷಣಗಳು. ಹಾವು ಕಚ್ಚಿದವರಿಗೂ ಕೀಟನಾಶಕದಿಂದ ಸ್ನಾಯು ಸೋತವರಿಗೂ ಇನ್ನೊಂದು ಪರೀಕ್ಷೆಯುಂಟು: ದೀರ್ಘವಾಗಿ ಉಸಿರೆಳೆದುಕೊಂಡು, ಸೆಕೆಂಡಿಗೆ ಎರಡರಂತೆ, ಒಂದೇ ಉಸಿರಿನಲ್ಲಿ ಒಂದು ಎರಡು ಎಂದು ಎಣಿಸಿಸುವುದು. ಆರೋಗ್ಯವಂತರು ಐವತ್ತರ ಹತ್ತಿರಕ್ಕೆ ಹೋಗುತ್ತಾರೆ. ಗಂಟೆಗಂಟೆಗೂ ಎಣಿಕೆ ಇಳಿಯುತ್ತ ಇಪ್ಪತ್ತರ ಕೆಳಗೆ ಬಂದರೆ, ಆಕ್ಸಿಮೀಟರಿನ ಅಂಕೆ ಇಳಿಯುವವರೆಗೆ ಕಾಯುತ್ತ ಕೂಡಬಾರದು.

ಆಸ್ಪತ್ರೆಯ ಅಳತೆಗಳು ಇದಕ್ಕಿಂತ ಸೂಕ್ಷ್ಮ. ಮಣಿಕಟ್ಟಿನ ಧಮನಿಯಿಂದ ತೆಗೆದ ಕೊಂಚ ರಕ್ತವು ಎರಡೂ ಅನಿಲಗಳ ಲೆಕ್ಕವನ್ನು ಕೊಡುತ್ತದೆ. ಅಲ್ಟ್ರಾಸೌಂಡಿನಿಂದ ಎದೆಯನ್ನು ನೋಡುವ ಕ್ರಮವನ್ನು ಫ್ರಾನ್ಸಿನ ಡೇನಿಯಲ್ ಲಿಚ್‌ಟೆನ್‌ಸ್ಟೈನ್ ರೂಢಿಗೆ ತಂದನು. ಒಣ ಪುಪ್ಪುಸದಲ್ಲಿ ಅಡ್ಡಗೆರೆಗಳೂ, ನೀರೇರಿದ ಪುಪ್ಪುಸದಲ್ಲಿ ಮೇಲಿನಿಂದ ಇಳಿಯುವ ಲಂಬಗೆರೆಗಳೂ ಪರದೆಯಲ್ಲಿ ಮೂಡುತ್ತವೆ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ೧೯೯೪ರ ಕಾಯ್ದೆಯ ಪ್ರಕಾರ ಈ ಯಂತ್ರವಿರುವ ಸ್ಥಳ ನೋಂದಣಿಯಾಗಿರಬೇಕಾದುದರಿಂದ, ಸ್ಟೆತಾಸ್ಕೋಪಿನಂತೆ ಅದನ್ನು ಎಲ್ಲೆಂದರಲ್ಲಿಗೆ ಒಯ್ಯುವುದು ನಮ್ಮಲ್ಲಿ ಸುಲಭವಲ್ಲ. ಎದೆಯ ಸುತ್ತ ವಿದ್ಯುದ್ವಾರಗಳ ಪಟ್ಟಿಯನ್ನು ಬಿಗಿದು, ಅತಿ ಸಣ್ಣ ವಿದ್ಯುತ್ತನ್ನು ಹರಿಸಿ, ಉಸಿರು ಯಾವ ಭಾಗಕ್ಕೆ ತಲಪಿತು, ಯಾವ ಭಾಗಕ್ಕೆ ತಲಪಲಿಲ್ಲವೆಂಬುದನ್ನು ಕ್ಷಣಕ್ಷಣಕ್ಕೂ ತೋರಿಸುವ ಉಪಕರಣವೂ ಇಂದು ದೊಡ್ಡ ಆಸ್ಪತ್ರೆಗಳಿಗೆ ಬಂದಿದೆ.

ಇಷ್ಟೆಲ್ಲ ಅಳೆಯುವುದರ ಪ್ರಯೋಜನವೇನೆಂದು ಕೇಳುವವರಿಗೆ ಎರಡು ಪ್ರಯೋಗಗಳು ಉತ್ತರ ಹೇಳುತ್ತವೆ. ೨೦೦೦ದಲ್ಲಿ ಅಮೆರಿಕದಲ್ಲಿ ೮೬೧ ರೋಗಿಗಳ ಪರಿಶೀಲನೆಯಾಯಿತು. ವೆಂಟಿಲೇಟರಿನಿಂದ ದೊಡ್ಡ ಉಸಿರು ಕೊಟ್ಟವರಲ್ಲಿ ನೂರಕ್ಕೆ ಸುಮಾರು ೪೦ ಜನ ಸತ್ತರೆ, ಅದರ ಅರ್ಧದಷ್ಟು ಅಳತೆಯ ಉಸಿರು ಕೊಟ್ಟವರಲ್ಲಿ ೩೧ ಜನ ಸತ್ತರು. ೨೦೧೩ರ ಇನ್ನೊಂದು ಪ್ರಯೋಗದಲ್ಲಿ, ತೀವ್ರ ಸ್ಥಿತಿಯ ರೋಗಿಗಳನ್ನು ದಿನಕ್ಕೆ ಹದಿನಾರು ಗಂಟೆ ಬೋರಲು ಮಲಗಿಸಿದುದರಿಂದ, ೨೮ ದಿನಗಳೊಳಗಿನ ಮರಣ ನೂರಕ್ಕೆ ಸುಮಾರು ೩೩ರಿಂದ ೧೬ಕ್ಕೆ ಇಳಿಯಿತು. ಹೊಸ ಔಷಧವೊಂದೂ ಇಲ್ಲದೆ, ಅಳತೆ ಮತ್ತು ಕಾವಲಿನ ಬಲದಿಂದಲೇ ಉಳಿದ ಪ್ರಾಣಗಳಿವು.

ಆದುದರಿಂದ ರೋಗಿಯನ್ನು ಊರಿನಿಂದ ಹೊರಡಿಸುವವರು ಒಂದು ಕಾಗದವನ್ನು ಜೊತೆಗಿರಿಸಿಕೊಳ್ಳಲಿ. ಎಷ್ಟು ಗಂಟೆಗೆ ಎಷ್ಟು ಉಸಿರು, ಆಕ್ಸಿಮೀಟರಿನಲ್ಲಿ ಎಷ್ಟು, ಆಮ್ಲಜನಕ ಹಚ್ಚುವ ಮೊದಲೋ ಅನಂತರವೋ, ಮಾತು ಸ್ಪಷ್ಟವೋ ಮಂಪರೋ, ಇಷ್ಟನ್ನು ಅದರಲ್ಲಿ ಬರೆದಿಡಲಿ. ಉರುಳೆಯಲ್ಲಿರುವ ಆಮ್ಲಜನಕ ಹಾದಿಯುದ್ದಕ್ಕೂ ಸಾಲುವುದೇ ಎಂದು ೧೦೮ರ ಸಿಬ್ಬಂದಿಯನ್ನು ಹೊರಡುವ ಮುನ್ನವೇ ಕೇಳಲಿ. ಬೀದರಿನ ವೈದ್ಯನು ಆ ಕ್ಷಣದ ಒಂದು ಅಂಕೆಯನ್ನು ತಾನೇ ನೋಡಿಕೊಳ್ಳಬಲ್ಲನು. ಆದರೆ ಅದು ಎಲ್ಲಿಂದ ಇಳಿದು ಬಂದಿದೆ, ಎಷ್ಟು ವೇಗದಲ್ಲಿ ಇಳಿದಿದೆ ಎಂಬುದನ್ನು ಅವನಿಗೆ ತಿಳಿಸಬಲ್ಲುದು ಹಾಸಿಗೆಯ ಬಳಿ ಎಚ್ಚರವಾಗಿದ್ದು ಮನೆಯವರು ಬರೆದ ಆ ಕಾಗದ ಮಾತ್ರ.