ಕಂಬಳದ ಓಟಗಾರನಿಗೂ ಒಂದು ನಿಯಮ ಬೇಕು: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರೇ,

2020ರ ಜನವರಿ ಮೊದಲ ವಾರದಲ್ಲಿ ಮೂಡುಬಿದಿರೆಯ ಸ್ವರಾಜ್ಯ ಮೈದಾನದಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟ ನಡೆಯಿತು. ದೇಶದ ಮೂಲೆಮೂಲೆಯ ವಿದ್ಯಾರ್ಥಿಗಳು ಅಲ್ಲಿನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡಿದರು. ಆ ಕೂಟ ಮುಗಿದು ತಿಂಗಳು ತುಂಬುವ ಮೊದಲೇ, ಫೆಬ್ರವರಿ 1ರಂದು, ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕಂಬಳದಲ್ಲಿ ಜೋಡಿ ಕೋಣಗಳ ಹಿಂದೆ 142.5 ಮೀಟರ್ ಉದ್ದದ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡುಗಳಲ್ಲಿ ದಾಟಿದರು. ಯಾರೋ ಲೆಕ್ಕ ಹಾಕಿದರು: ನೂರು ಮೀಟರಿಗೆ 9.55 ಸೆಕೆಂಡು. 2009ರಲ್ಲಿ ಬರ್ಲಿನ್‌ನಲ್ಲಿ ಉಸೇನ್ ಬೋಲ್ಟ್ ಬರೆದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು.

ಉದ್ಯಮಿ ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಬೆಂಗಳೂರಿನ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದಲ್ಲಿ ಪರೀಕ್ಷಾ ಓಟಕ್ಕೆ ಕರೆದರು, ರೈಲು ಟಿಕೆಟ್ ಕೂಡ ಆಗಿದೆ ಎಂದರು. ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ವಿಧಾನಸೌಧಕ್ಕೆ ಕರೆಸಿ ಶಾಲು ಹೊದೆಸಿ 3 ಲಕ್ಷ ರೂಪಾಯಿ ಕೊಟ್ಟರು. ಅಷ್ಟರಲ್ಲಿ ಬೆಳ್ತಂಗಡಿ ತಾಲೂಕಿನ ವೇಣೂರಿನ ಸೂರ್ಯ-ಚಂದ್ರ ಜೋಡುಕರೆಯಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿಯವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿಸಿದರು ಎಂಬ ಸುದ್ದಿ ಬಂತು. ಭಾಗಿಸಿದರೆ 9.51. ಎರಡು ವಾರದಲ್ಲಿ ಕರಾವಳಿಗೆ ಇಬ್ಬರು ಬೋಲ್ಟ್‌ಗಳು ಸಿಕ್ಕಿದ್ದರು.

ಆ ಗದ್ದಲದ ನಡುವೆ ತೂಕದ ಮಾತಾಡಿದವರು ಕಂಬಳದ ಒಳಗಿನವರೇ. ಟ್ರ್ಯಾಕಿನ ಓಟ ಕಾಲ್ಬೆರಳ ಮೇಲೆ, ಕಂಬಳದ ಓಟ ಹಿಮ್ಮಡಿಯ ಮೇಲೆ. ಕಂಬಳದಲ್ಲಿ ಕೋಣಗಳ ಪಾತ್ರವೂ ಇದೆ ಎಂದು ಹೇಳಿ ಶ್ರೀನಿವಾಸ ಗೌಡರು ಪರೀಕ್ಷಾ ಓಟವನ್ನು ನಯವಾಗಿ ನಿರಾಕರಿಸಿದರು. ಅವರಿಗೆ ತರಬೇತಿ ಕೊಟ್ಟ ಕಂಬಳ ಅಕಾಡೆಮಿಯ ಪ್ರೊ. ಗುಣಪಾಲ ಕಡಂಬರು ಬಿಬಿಸಿಯೊಡನೆ ಮಾತನಾಡುತ್ತ, ಈ ಹೋಲಿಕೆಗೆ ತಾವು ಇಳಿಯುವುದಿಲ್ಲ, ಒಲಿಂಪಿಕ್ಸ್‌ನವರ ಬಳಿ ಇನ್ನೂ ವೈಜ್ಞಾನಿಕವಾದ ಉಪಕರಣಗಳಿವೆ ಎಂದರು. ಕೆಸರಿನಲ್ಲಿ ನಿಂತವರಿಗೆ ಇದ್ದ ಈ ವಿವೇಕ ದೆಹಲಿಗೂ ಬೆಂಗಳೂರಿಗೂ ಇರಬೇಕಿತ್ತು. ಅದಕ್ಕೆ ಆರು ತಿಂಗಳ ಹಿಂದಷ್ಟೇ, 2019ರ ಆಗಸ್ಟಿನಲ್ಲಿ, ಮಧ್ಯಪ್ರದೇಶದ ರಾಮೇಶ್ವರ ಗುರ್ಜರ್ ಎಂಬ ಯುವಕ ಬರಿಗಾಲಲ್ಲಿ ನೂರು ಮೀಟರನ್ನು ಹನ್ನೊಂದು ಸೆಕೆಂಡಿನಲ್ಲಿ ಓಡಿದ ವಿಡಿಯೋ ದೇಶವೆಲ್ಲ ಹರಿದಾಡಿತ್ತು. ಭೋಪಾಲಿನ ಕ್ರೀಡಾಂಗಣಕ್ಕೆ ಕರೆತಂದು ಕ್ಯಾಮೆರಾಗಳ ಎದುರು ಓಡಿಸಿದಾಗ ಆತ ಕೊನೆಯವನಾದ. ತರಬೇತಿ ಇಲ್ಲದ ಹುಡುಗನನ್ನು ಒಂದು ವಾರದ ಕೌತುಕಕ್ಕಾಗಿ ಎಳೆದು ತಂದದ್ದು ಅವನ ತಪ್ಪಲ್ಲ.

ಸಚಿವರೇ, ಈ ಹಳೆಯ ಸುದ್ದಿಯನ್ನು ಮತ್ತೆ ಎತ್ತಲು ಕಾರಣವಿದೆ. ಗಡಿಯಾರ ಕಂಬಳಕ್ಕೆ ಬಂತು, ಲೇಸರ್ ಬಂತು, ಯೂಟ್ಯೂಬಿನ ನೇರಪ್ರಸಾರ ಬಂತು, ಪ್ರಾಯೋಜಕರ ಬ್ಯಾನರ್ ಬಂತು. ಕೋಣಗಳ ಹಿಂದೆ ಓಡುವವನ ಭದ್ರತೆ ಮಾತ್ರ ಬರವಣಿಗೆಯಲ್ಲಿ ಬರಲಿಲ್ಲ. ಈ ಪತ್ರದ ಕೋರಿಕೆ ಅದರ ಬಗ್ಗೆಯೇ.

ಮೊದಲು ಗಡಿಯಾರದ ಮಾತು. ಕಂಬಳದ ಹಳೆಯ ಜಗಳಗಳೆಲ್ಲ ಓಟ ಮುಗಿಯುವ ಮಂಜೊಟ್ಟಿಯಲ್ಲಿ ಹುಟ್ಟುತ್ತಿದ್ದವು. ಎರಡು ಕರೆಗಳಲ್ಲಿ ಎರಡು ಜೊತೆ ಕೋಣಗಳು ಒಟ್ಟಿಗೆ ಬಂದಂತೆ ಕಾಣುವಾಗ ಯಾರು ಮೊದಲು ಎಂದು ಬರಿಗಣ್ಣಿನಿಂದ ಹೇಳುವುದು ಕಷ್ಟ. ಆ ಜಗಳಕ್ಕೆ ಲೇಸರ್ ತೆರೆ ಎಳೆಯಿತು. ಇದು ಕರಾವಳಿಯವರು ತಮ್ಮ ಆಟಕ್ಕೆ ತಾವೇ ತಂದುಕೊಂಡ ತಂತ್ರಜ್ಞಾನ, ಮೆಚ್ಚಬೇಕಾದ್ದು. ಆದರೆ ಇಬ್ಬರಲ್ಲಿ ಯಾರು ಮುಂದೆ ಎಂದು ನಿರ್ಧರಿಸುವುದು ಒಂದು ಕೆಲಸ, ಒಬ್ಬನ ಓಟಕ್ಕೆ ಇಷ್ಟೇ ಸೆಕೆಂಡು ಎಂದು ಜಗತ್ತಿಗೆ ಸಾರುವುದು ಇನ್ನೊಂದು. ಎರಡನೆಯದಕ್ಕೆ ಕರೆಯ ಉದ್ದ ನಿಖರವಾಗಿ ಅಳತೆಯಾಗಿರಬೇಕು. ಓಟ ಶುರುವಾಗುವ ಗಂತಿನಲ್ಲಿ ಕೋಣಗಳನ್ನು ಬಿಟ್ಟ ಯಾವ ಕ್ಷಣಕ್ಕೆ ಗಡಿಯಾರ ಶುರುವಾಯಿತು, ಕೋಣದ ಮೂತಿ ದಾಟಿದಾಗ ನಿಂತಿತೋ ಓಟಗಾರನ ಎದೆ ದಾಟಿದಾಗ ನಿಂತಿತೋ ಎಂಬುದು ಬರೆದಿರಬೇಕು. ಐಕಳದ ಲೆಕ್ಕವನ್ನೇ ತೆಗೆದುಕೊಳ್ಳಿ. ಕರೆ 142.5ರ ಬದಲು 143.5 ಮೀಟರ್ ಇದ್ದಿದ್ದರೆ ಅದೇ 13.62 ಸೆಕೆಂಡು ನೂರು ಮೀಟರಿಗೆ 9.49 ಆಗುತ್ತದೆ. ಒಂದೇ ಒಂದು ಮೀಟರಿನ ವ್ಯತ್ಯಾಸಕ್ಕೆ ಆರೇಳು ನೂರಾಂಶ ಸೆಕೆಂಡು. ಐಕಳದ 9.55ಕ್ಕೂ ವೇಣೂರಿನ 9.51ಕ್ಕೂ ಇರುವ ಅಂತರ ಅದಕ್ಕಿಂತ ಕಡಿಮೆ.

ವಿಶ್ವ ಅಥ್ಲೆಟಿಕ್ಸ್‌ನಲ್ಲಿ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ದಾಖಲೆ ಇಲ್ಲ. ಗುಂಡಿನ ಸದ್ದಾದ ಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕೂ ಮುಂಚೆ ಕದಲಿದರೆ ತಪ್ಪು ಆರಂಭ. ಕಂಬಳಕ್ಕೆ ಆ ನಿಯಮಗಳು ಬೇಡ. ಕಂಬಳಕ್ಕೆ ತನ್ನದೇ ಅಳತೆಗಳಿವೆ. ಕನೆ ಹಲಗೆ ಎಂಬ ವಿಭಾಗದಲ್ಲಿ ಯಾರು ಮೊದಲು ಬಂದರು ಎಂದು ಯಾರೂ ಕೇಳುವುದಿಲ್ಲ. ಹಲಗೆಯ ಮೇಲೆ ನಿಂತವನು ಚಿಮ್ಮಿಸಿದ ನೀರು ಮೇಲೆ ಕಟ್ಟಿದ ನಿಶಾನೆಗೆ, ಆರೂವರೆ ಕೋಲಿಗೋ ಏಳೂವರೆ ಕೋಲಿಗೋ, ಮುಟ್ಟಿತೇ ಎಂದಷ್ಟೇ ನೋಡುತ್ತಾರೆ. ಓಡುವ ಕೋಣಗಳ ಹಿಂದೆ ಹಲಗೆಯ ಮೇಲೆ ಸಮತೋಲ ಕಾಯ್ದುಕೊಂಡು ನೀರನ್ನು ಆಕಾಶಕ್ಕೆ ಎತ್ತುವ ಕಲೆಗೆ ಜಗತ್ತಿನ ಯಾವ ಸ್ಟಾಪ್‌ವಾಚೂ ಸಾಕ್ಷಿಯಾಗಬೇಕಿಲ್ಲ. ಹಗ್ಗ, ನೇಗಿಲು, ಅಡ್ಡ ಹಲಗೆಯ ಓಟಗಳಿಗೂ ಜಮೈಕಾದ ಓಟಗಾರನ ಜೊತೆ ನಂಟು ಕಲ್ಪಿಸಬೇಕಾಗಿಲ್ಲ. ಹೊಕ್ಕಾಡಿಗೋಳಿ ಕಂಬಳದ ಸಮಯವನ್ನು ಅದೇ ಕರೆಯ ಹಿಂದಿನ ವರ್ಷದ ಸಮಯದೊಡನೆ ಹೋಲಿಸಿದರೆ ಅದಕ್ಕೊಂದು ಅರ್ಥವಿದೆ. ಹಾಗೆ ಹೋಲಿಸಬೇಕಾದರೆ ಲೆಕ್ಕ ಇರಬೇಕು: ಪ್ರತಿ ಕರೆಯ ಪ್ರಮಾಣೀಕೃತ ಉದ್ದ, ಪ್ರತಿ ಓಟದ ಸಮಯ, ಉಪಕರಣ ಪರೀಕ್ಷಿಸಿದವರ ಸಹಿ, ಎಲ್ಲವೂ ಸಾರ್ವಜನಿಕರಿಗೆ ಸಿಗುವಂತೆ. ತಮ್ಮ ಇಲಾಖೆಗೆ ಇದು ದೊಡ್ಡ ಖರ್ಚಲ್ಲ.

ಈಗ ಓಟಗಾರನ ಮಾತು.

ಸೋಮವಾರದ ಪತ್ರಿಕೆಗಳಲ್ಲಿ ಕಂಬಳದ ಫಲಿತಾಂಶ ಬರುವ ಕ್ರಮವನ್ನು ತಾವು ಗಮನಿಸಿರಬಹುದು. ಮೊದಲು ಕೋಣಗಳ ಯಜಮಾನರ ಮನೆತನದ ಹೆಸರು, ನಂತರ 'ಓಡಿಸಿದವರು' ಎಂದು ಓಟಗಾರನ ಹೆಸರು. ಈ ಗೌರವವನ್ನು ಕರಾವಳಿಯ ಪತ್ರಿಕೆಗಳು ತಪ್ಪದೆ ಕೊಡುತ್ತ ಬಂದಿವೆ. ಆದರೆ ಬಹುಮಾನದ ಚಿನ್ನ, ಹಲವು ಕಂಬಳಗಳಲ್ಲಿ ಮೊದಲನೆಯದಕ್ಕೆ ಎರಡು ಪವನು, ಎರಡನೆಯದಕ್ಕೆ ಒಂದು ಪವನು, ಯಜಮಾನರಿಗೆ. ಓಟಗಾರನ ಪಾಲು ಅವರಿಬ್ಬರ ನಡುವಿನ ಮಾತಿಗೆ ಬಿಟ್ಟದ್ದು. ಒಳ್ಳೆಯ ಯಜಮಾನರು ಬೇಕಾದಷ್ಟಿದ್ದಾರೆ. ಹುರುಳಿ, ಎಣ್ಣೆ, ಆರೈಕೆ ಎಂದು ಕೋಣಗಳಿಗೆ ವರ್ಷವಿಡೀ ಸುರಿಯುವ ಹಣ ಎರಡು ಪವನಿನಿಂದ ಹುಟ್ಟುವುದಿಲ್ಲ ಎಂಬುದೂ ನಿಜ. ಅವರನ್ನು ದೂರುವ ಉದ್ದೇಶ ಇಲ್ಲಿಲ್ಲ. ಆದರೆ ಒಬ್ಬ ಮನುಷ್ಯನ ಮೊಣಕಾಲು ಮುರಿದ ದಿನ ಅವನ ಮನೆಯ ಅಕ್ಕಿಯ ಖರ್ಚು ಇನ್ನೊಬ್ಬರ ಒಳ್ಳೆಯತನವನ್ನು ನಂಬಿರಬಾರದು.

ಕರೆಗೆ ಇಳಿಯುವ ಅನೇಕರು ದಿನಗೂಲಿಯವರು. ಶ್ರೀನಿವಾಸ ಗೌಡರೂ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದವರೇ. ನವೆಂಬರಿನಿಂದ ಬೇಸಿಗೆಯವರೆಗೆ ವಾರಾಂತ್ಯ ಬಂತೆಂದರೆ ಒಂದು ಊರು. ಶನಿವಾರ ಬೆಳಿಗ್ಗೆ ಶುರುವಾದದ್ದು ಭಾನುವಾರ ಬೆಳಗಿನವರೆಗೂ ಸಾಗುತ್ತದೆ. ಒಬ್ಬನೇ ಓಟಗಾರ ಒಂದೇ ಕಂಬಳದಲ್ಲಿ ಬೇರೆ ಬೇರೆ ವಿಭಾಗಗಳಲ್ಲಿ, ಬೇರೆ ಬೇರೆ ಯಜಮಾನರ ಕೋಣಗಳ ಹಿಂದೆ ಮತ್ತೆ ಮತ್ತೆ ಓಡುತ್ತಾನೆ. ನಿದ್ದೆ ಇಲ್ಲದ ರಾತ್ರಿಯ ಕೊನೆಗೆ, ಫೈನಲ್ ಓಟದಲ್ಲಿ, ಕೆಸರಿನಲ್ಲಿ ಕಾಲು ಜಾರಿದರೆ ಹಗ್ಗ ಬಿಡಲು ಅವನಿಗೆ ಸಿಗುವುದು ಕ್ಷಣಮಾತ್ರ. ಮುಂದಿರುವುದು ಓಡುವ ಎರಡು ಕೋಣಗಳು.

ಕೋಣಗಳ ವಿಷಯದಲ್ಲಿ ನಾಡು ದೊಡ್ಡ ಚರ್ಚೆಯನ್ನೇ ನಡೆಸಿತು. ಜಲ್ಲಿಕಟ್ಟು ಕುರಿತ 2014ರ ಮೇ 7ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಂಬಳದ ಮೇಲೆ ತೂಗುಗತ್ತಿ ಇತ್ತು. ರಾಜ್ಯ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಜಲ್ಲಿಕಟ್ಟಿನ ಜೊತೆಗೆ ಕಂಬಳದ ತಿದ್ದುಪಡಿಯನ್ನೂ ಎತ್ತಿಹಿಡಿಯಿತು. ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಜಿಲ್ಲಾಡಳಿತ ಅದಕ್ಕೆ ಹೊಣೆ ಎಂದೂ ಹೇಳಿತು. ಪ್ರಾಣಿಯ ಹಿತಕ್ಕೆ ಇಷ್ಟು ಕಾವಲು ಇರಬೇಕಾದ್ದೇ. ಅದರಿಂದ ಕಂಬಳದ ಮಾನ ಹೆಚ್ಚಿತು. ಆ ಒಂಬತ್ತು ವರ್ಷಗಳ ವ್ಯಾಜ್ಯದಲ್ಲಿ ಕೋಣಗಳಿಗೆ ನೋವಾಗುತ್ತದೆಯೇ, ಇದು ಸಂಸ್ಕೃತಿಯೇ ಎಂಬ ಪ್ರಶ್ನೆಗಳು ಮುನ್ನೆಲೆಯಲ್ಲಿದ್ದವು. ಅವುಗಳ ಹಿಂದೆ ಓಡುವ ಕೂಲಿಕಾರನಿಗೆ ಏನು ಸಿಗಬೇಕು ಎಂಬುದು ಯಾರ ವಾದದ ಮುಖ್ಯ ಅಂಶವೂ ಆಗಿರಲಿಲ್ಲ.

ತೀರ್ಪು ಬಂದ ವರ್ಷವೇ, ನವೆಂಬರ್ 25 ಮತ್ತು 26ರಂದು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ಕಟ್ಟಿ ಕಂಬಳ ಮಾಡಿದರು. ಅದಕ್ಕೂ ಮುಂಚೆ 2022ರಲ್ಲಿ 'ಕಾಂತಾರ' ಸಿನಿಮಾ ಕಂಬಳದ ಕೆಸರನ್ನು ದೇಶದ ಪರದೆಗಳ ಮೇಲೆ ಚಿಮ್ಮಿಸಿತ್ತು. ಕಂಬಳ ಈಗ ಪ್ರವಾಸೋದ್ಯಮ, ಜಾಹೀರಾತು, ಯೂಟ್ಯೂಬ್ ವೀಕ್ಷಣೆ, ಸರ್ಕಾರದ ಅನುದಾನ ಎಲ್ಲವೂ ಸೇರಿದ ವ್ಯವಹಾರ. ವ್ಯವಹಾರ ಬೆಳೆದದ್ದಕ್ಕೆ ಬೇಸರಿಸಬೇಕಿಲ್ಲ. ಭತ್ತದ ಗದ್ದೆಗಳು ಅಡಿಕೆ ತೋಟಗಳಾದ ಬಂಟ್ವಾಳ, ಬೆಳ್ತಂಗಡಿಯಲ್ಲಿ ಕಂಬಳ ಉಳಿದದ್ದೇ ಜನ ಅದಕ್ಕೆ ಹಣ ಸುರಿದದ್ದರಿಂದ. ಆದರೆ ಹಣ ಹರಿಯುವ ಜಾಗದಲ್ಲಿ ಕರಾರೂ ಇರಬೇಕು.

ಸಚಿವರೇ, ಅದಕ್ಕೆ ತಮ್ಮ ಕೈಯಲ್ಲೇ ಕೀಲಿ ಇದೆ. ಕಂಬಳ ಸಮಿತಿಗಳಿಗೆ ಸರ್ಕಾರ ಅನುದಾನ ಕೊಡುವಾಗ ಒಂದು ಷರತ್ತು ಹಾಕಿಸಿ: ಕರೆಗೆ ಇಳಿಯುವ ಪ್ರತಿ ಓಟಗಾರನ ಹೆಸರಿಗೆ ಆ ಋತುವಿನ ಅಪಘಾತ ವಿಮೆ ಆಗಿರಬೇಕು, ಅದರಲ್ಲಿ ಚಿಕಿತ್ಸೆಯ ಖರ್ಚಷ್ಟೇ ಅಲ್ಲ, ಕೆಲಸಕ್ಕೆ ಹೋಗಲಾಗದ ದಿನಗಳ ಕೂಲಿಯೂ ಸೇರಿರಬೇಕು. ಯಜಮಾನರಿಗೂ ಓಟಗಾರನಿಗೂ ನಡುವೆ ಒಂದು ಪುಟದ ಕನ್ನಡ ಕರಾರು ಇರಲಿ, ಬಹುಮಾನದಲ್ಲಿ ಓಟಗಾರನ ಪಾಲು ಎಷ್ಟೆಂದು ಅದರಲ್ಲಿ ಬರೆದಿರಲಿ. ಒಬ್ಬ ಓಟಗಾರ ಒಂದು ರಾತ್ರಿಯಲ್ಲಿ ಎಷ್ಟು ಸಲ ಓಡಬಹುದು ಎಂಬುದಕ್ಕೆ ವೈದ್ಯರನ್ನು ಕೇಳಿ ಮಿತಿ ಇಡಿ. ಸಮಿತಿಗಳು, ಯಜಮಾನರು ಈಗಾಗಲೇ ತಾವಾಗಿ ಮಾಡುತ್ತಿರುವುದೇನಾದರೂ ಇದ್ದರೆ ಅದಕ್ಕೆ ನಿಯಮದ ಬಲ ಕೊಟ್ಟಂತಾಗುತ್ತದೆ.

ಇನ್ನು ಟ್ರ್ಯಾಕಿನ ಮಾತು. ಈ ನೆಲದ ಹುಡುಗರಲ್ಲಿ ಅಥ್ಲೀಟ್‌ಗಳನ್ನು ಹುಡುಕುವುದು ಬೇಡ ಎಂದಲ್ಲ. ಹುಡುಕುವ ದಾರಿ ಟ್ವೀಟ್ ಅಲ್ಲ ಅಷ್ಟೇ. ಕುಂದಾಪುರದ ಕಡೆಯ ವಾಹನ ಚಾಲಕರೊಬ್ಬರ ಮಗ ಗುರುರಾಜ ಪೂಜಾರಿ ಬೆಳ್ತಂಗಡಿ ತಾಲೂಕಿನ ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಓದಲು ಬಂದಾಗ ಮನಸ್ಸಿನಲ್ಲಿದ್ದದ್ದು ಕುಸ್ತಿ. ಅಲ್ಲಿನ ತರಬೇತುದಾರರು ಅವರ ಮೈಕಟ್ಟು ನೋಡಿ ಭಾರ ಎತ್ತಲು ಹಚ್ಚಿದರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತದ ಮೊದಲ ಪದಕ ಅವರದು, 56 ಕೆ.ಜಿ. ವಿಭಾಗದಲ್ಲಿ ಬೆಳ್ಳಿ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆ.ಜಿ. ವಿಭಾಗದಲ್ಲಿ ಕಂಚು. ಎಳೆಯ ವಯಸ್ಸು, ದಿನವೂ ನೋಡುವ ಒಬ್ಬ ತರಬೇತುದಾರ, ಹಾಸ್ಟೆಲ್ಲಿನ ಊಟ, ವರ್ಷಗಟ್ಟಲೆ ತಾಳ್ಮೆ ಸೇರಿದಾಗ ಆದ ಕೆಲಸ ಇದು. ಬಾರಕೋಲು ಹಿಡಿದು ಹೆಸರು ಮಾಡಿದ ಮೂವತ್ತರ ಹತ್ತಿರದ ಓಟಗಾರನನ್ನು ಸೋಮವಾರ ಬೆಳಿಗ್ಗೆ ಸಾಯ್ ಕೇಂದ್ರಕ್ಕೆ ಬಾ ಎಂದರೆ ಅದು ಆಗುವುದಿಲ್ಲ. ಮಳೆಗಾಲದಲ್ಲಿ ಕಂಬಳವಿಲ್ಲದ ತಿಂಗಳುಗಳಲ್ಲಿ, ಕಂಬಳದ ಊರುಗಳ ಹೈಸ್ಕೂಲು ಮಕ್ಕಳನ್ನು ಮೂಡುಬಿದಿರೆಯ ಟ್ರ್ಯಾಕಿಗೆ ಕರೆತಂದು ಓಡಿಸಿ, ಜಿಗಿಸಿ, ಅಳೆದು ನೋಡಬಹುದು. ಬೆಂಗಳೂರಿಗೆ ರೈಲು ಹತ್ತಿಸುವ ಅಗತ್ಯವೇ ಇಲ್ಲ.

ಮುಂದಿನ ಋತುವಿಗೆ ಗುದ್ದಲಿಪೂಜೆ, ಕರೆ ಹದ ಮಾಡುವ ಕೆಲಸ ಶುರುವಾಗುವ ಮೊದಲೇ ತಾವು ಮೂಡುಬಿದಿರೆಯಲ್ಲಿ ಒಂದು ಸಭೆ ಕರೆಯಬೇಕೆಂದು ಈ ಪತ್ರದ ಕೋರಿಕೆ. ಕಕ್ಯಪದವಿನ ಸತ್ಯ-ಧರ್ಮ, ವೇಣೂರಿನ ಸೂರ್ಯ-ಚಂದ್ರ, ಮೂಡುಬಿದಿರೆಯ ಕೋಟಿ-ಚೆನ್ನಯ ಕಂಬಳಗಳ ಸಮಿತಿಯವರು ಬರಲಿ. ತೀರ್ಪುಗಾರರು, ಪಶುವೈದ್ಯರು, ಕಾರ್ಮಿಕ ಇಲಾಖೆಯವರು, ವಿಮೆಯವರು ಕುಳಿತುಕೊಳ್ಳಲಿ. ಓಟಗಾರರನ್ನೂ ಕರೆಯಿರಿ, ಸನ್ಮಾನಕ್ಕಲ್ಲ, ಕರಡು ನಿಯಮದ ಮೇಲೆ ಅವರ ಮಾತು ಕೇಳುವುದಕ್ಕೆ. ಸಭೆಯನ್ನು ಭಾನುವಾರ ಇಟ್ಟರೆ ಅವರ ಒಂದು ದಿನದ ಕೂಲಿ ತಪ್ಪುವುದಿಲ್ಲ.

ಇತಿ,
ಮೂಡುಬಿದಿರೆಯ ಒಬ್ಬ ಕಂಬಳಾಭಿಮಾನಿ